ಟೀವಿಯ ದನಿ ಹಿಡಿಯಲು ಯಾವ ವೈರು?

ಊರಿನಿಂದ ಫೋನು ಬರುತ್ತದೆ: "ಸಂಜೆ ಚಂದನದಲ್ಲಿ ಸೋದರಮಾವನ ಗಮಕ ಇದೆ, ತಪ್ಪದೆ ನೋಡಿ." ಮುಂಬೈಯಲ್ಲೋ ಪುಣೆಯಲ್ಲೋ ಇರುವ ನಾವು ಟೀವಿಯ ಮುಂದೆ ಸ್ಟೂಲು ಹಾಕಿ, ಮೊಬೈಲ್ ಇಟ್ಟು ರೆಕಾರ್ಡ್ ಒತ್ತುತ್ತೇವೆ. ಆಮೇಲೆ ಕೇಳಿದರೆ ಗಮಕದ ಜೊತೆಗೆ ಫ್ಯಾನು, ಕುಕ್ಕರಿನ ಸೀಟಿ, ಪಕ್ಕದ ಮನೆಯ ಕರೆಗಂಟೆ ಎಲ್ಲವೂ ಇರುತ್ತವೆ. ಆ ಕಾರ್ಯಕ್ರಮ ಮರುಪ್ರಸಾರವಾಗುತ್ತದೆಂಬ ಖಾತ್ರಿಯಿಲ್ಲ. ಅಂತರಜಾಲದಲ್ಲಿ ಎಲ್ಲವೂ ಸಿಗುವುದೂ ಇಲ್ಲ. ದನಿಯನ್ನು ಗಾಳಿಯಲ್ಲಿ ಬಿಡದೆ ನೇರವಾಗಿ ವೈರಿನಲ್ಲಿ ತಂದರೆ ಈ ತಾಪತ್ರಯವಿಲ್ಲ. ಅದಕ್ಕೆ ದುಬಾರಿ ವೈರೇ ಆಗಬೇಕೆಂದೇನೂ ಇಲ್ಲ, ಎರಡು ತುದಿಗೂ ಹೊಂದುವ ವೈರು ಬೇಕು.

ಮೊದಲು ದನಿ ಹೊರಗೆ ಬರುವ ಜಾಗ ಹುಡುಕಿ. ಟೀವಿಯ ಹಿಂದೆ ಹಳದಿ, ಬಿಳಿ, ಕೆಂಪು ತೂತುಗಳನ್ನು ಕಂಡ ಕೂಡಲೇ ವೈರು ಸಿಕ್ಕಿಸಬೇಡಿ. ಅಲ್ಲಿ ಸಾಮಾನ್ಯವಾಗಿ 'ಇನ್' ಎಂದು ಬರೆದಿರುತ್ತದೆ. ಅದು ದನಿ ಒಳಗೆ ಹೋಗುವ ದಾರಿ. 'ಔಟ್' ಬೇಕಾದರೆ ಸೆಟ್ ಟಾಪ್ ಬಾಕ್ಸಿನ ಬೆನ್ನು ನೋಡಿ. ಬಿಳಿ ಎಡಗಡೆಯ ದನಿ, ಕೆಂಪು ಬಲಗಡೆಯದು, ಹಳದಿ ಬರೀ ಚಿತ್ರ. ಕೆಲವು ಬಾಕ್ಸುಗಳಲ್ಲಿ ಈ ಮೂರೂ ಸೇರಿ ಒಂದೇ ಸಣ್ಣ ತೂತು ಇರುತ್ತದೆ. ಅದಕ್ಕೆ ಬಾಕ್ಸಿನ ಜೊತೆ ಬರುವ ವೈರನ್ನೇ ಬಳಸುವುದು ಕ್ಷೇಮ, ಏಕೆಂದರೆ ಪಿನ್ನಿನೊಳಗಿನ ಕ್ರಮ ಎಲ್ಲದರಲ್ಲೂ ಒಂದೇ ಅಲ್ಲ. ಒಂದು ಕಡೆ ದನಿಯ ಬದಲು ಜೋರಾದ 'ಝರ್ರ್' ಕೇಳಿದರೆ ಅಲ್ಲಿ ಚಿತ್ರ ಬರುತ್ತಿದೆ ಎಂದೇ ತಿಳಿಯಿರಿ. ಹಳದಿಯನ್ನೂ ಕೆಂಪನ್ನೂ ಅದಲುಬದಲು ಮಾಡಿ ನೋಡಿ.

ಬಾಕ್ಸಿನಲ್ಲಿ ಸೌಲಭ್ಯವಿಲ್ಲದಿದ್ದರೆ ಟೀವಿಯ ಹೆಡ್‌ಫೋನ್ ತೂತು ಇದೆ. ಇಲ್ಲೊಂದು ಕಿರಿಕಿರಿ: ಪಿನ್ ಹಾಕಿದ ಕೂಡಲೇ ಬಹುತೇಕ ಟೀವಿಗಳ ಸ್ಪೀಕರ್ ಮೌನವಾಗುತ್ತದೆ, ಮನೆಯವರು ಬೈಯುತ್ತಾರೆ. ಎಚ್‌ಡಿಎಂಐ ವೈರಿನಲ್ಲೂ ದನಿ ಇರುತ್ತದೆ ನಿಜ. ಆದರೆ ಅದು ಚಿತ್ರದೊಡನೆ ಬೀಗ ಹಾಕಿಕೊಂಡು ಬರುವುದರಿಂದ ಅದರ ಗೊಡವೆ ಬೇಡ.

ಈಗ ಇನ್ನೊಂದು ತುದಿ. ಹೆಚ್ಚಿನವರು ಎಡವುವುದು ಇಲ್ಲೇ. ಬಾಕ್ಸಿನಿಂದ ಬರುವ ದನಿಯ ವಿದ್ಯುತ್ತು ಸುಮಾರು ಮೂರನೇ ಒಂದು ವೋಲ್ಟ್, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಮೈಕಿನದು ಕೆಲವೇ ಮಿಲಿವೋಲ್ಟ್. ಲ್ಯಾಪ್‌ಟಾಪಿನ, ಮೊಬೈಲಿನ ತೂತು ಮೈಕಿಗೆಂದು ಮಾಡಿದ್ದು. ಅದಕ್ಕೆ ನೂರು ಪಟ್ಟು ಜೋರಾದ ದನಿ ನುಗ್ಗಿಸಿದರೆ ಒಡೆದ ಡಬ್ಬದಂತೆ ಕೇಳುತ್ತದೆ. ಹೀಗೆ ಒಡೆದುಹೋದ ದನಿಯನ್ನು ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡಲಾರದು. ಪಿನ್ನಿನ ಮೇಲಿನ ಕಪ್ಪು ಗೆರೆಗಳನ್ನೂ ಎಣಿಸಿ. ಎರಡು ಗೆರೆ ಇದ್ದರೆ ಬರೀ ಸ್ಟೀರಿಯೋ, ಮೂರಿದ್ದರೆ ಮೈಕೂ ಸೇರಿದ್ದು. ಎರಡು ಗೆರೆಯ ಪಿನ್ನನ್ನು ಮೊಬೈಲಿಗೆ ಚುಚ್ಚಿದರೆ ಅದು ಹೆಡ್‌ಫೋನ್ ಬಂತೆಂದುಕೊಂಡು, ತನ್ನದೇ ಮೈಕಿನಿಂದ ಕೋಣೆಯ ಸದ್ದನ್ನು ತುಂಬಿಕೊಳ್ಳುತ್ತದೆ. ಸ್ಟೂಲಿನ ಕಥೆಯೇ ಮತ್ತೆ!

ನನ್ನ ಸಲಹೆ ಕೇಳಿದರೆ, ಲೈನ್ ಇನ್ ಇರುವ ಸಣ್ಣ ಯುಎಸ್‌ಬಿ ಪೆಟ್ಟಿಗೆಯೊಂದನ್ನು ಕೊಳ್ಳಿ. ಕೆಂಪು-ಬಿಳಿ ವೈರು ನೇರವಾಗಿ ಅದಕ್ಕೆ ಹೋಗುತ್ತದೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ಬರೀ ಮೈಕ್ ತೂತಿರುವ ಅಗ್ಗದ ಪೆಟ್ಟಿಗೆ ಬೇಡ. ಮೊಬೈಲಿಗೇ ಆಗಬೇಕೆಂದರೆ, ಒಳಗೆ ರೆಸಿಸ್ಟರ್ ಇಟ್ಟು ದನಿ ತಗ್ಗಿಸುವ, ಲೈನಿನಿಂದ ಮೈಕಿಗೆ ಎಂದೇ ಮಾರುವ ವೈರು ಕೇಳಿ.

ಮುಂಬೈಯ ಲ್ಯಾಮಿಂಗ್ಟನ್ ರೋಡ್, ಚೆನ್ನೈಯ ರಿಚ್ಚಿ ಸ್ಟ್ರೀಟ್, ದೆಹಲಿಯ ಲಾಜಪತ್ ರಾಯ್ ಮಾರ್ಕೆಟ್ ಎಲ್ಲಿಯಾದರೂ ಇವು ಸಿಗುತ್ತವೆ. ಅಂಗಡಿಯವನು ಚಿನ್ನದ ಲೇಪದ ವೈರು ತೋರಿಸಿದರೆ ಮರುಳಾಗಬೇಡಿ. ಚಿನ್ನ ತುಕ್ಕು ಹಿಡಿಯುವುದಿಲ್ಲ ಅಷ್ಟೇ, ದನಿಗೆ ಸಿಹಿ ಸೇರಿಸುವುದಿಲ್ಲ. ಒಳತಂತಿಯ ಸುತ್ತ ಜಾಲರಿಯ ಹೊದಿಕೆ ಇರಲಿ, ಪಿನ್ನು ಬಿಗಿಯಾಗಿ ಕೂರಲಿ, ಉದ್ದ ಒಂದೂವರೆ ಮೀಟರ್ ಸಾಕು. ಸಾಧ್ಯವಾದರೆ ಮನೆಯ ಹಳೆಯ ವೈರನ್ನೇ ಮಾದರಿಗೆ ಒಯ್ಯಿರಿ. ಬಾಯಲ್ಲಿ ವಿವರಿಸುವುದಕ್ಕಿಂತ ಬೇಗ ಕೆಲಸವಾಗುತ್ತದೆ.

ಎಲ್ಲ ಜೋಡಿಸಿದ ಮೇಲೂ ಹಿಂದೆ ಒಂದೇ ಸಮನೆ 'ಹೂಂ' ಎಂಬ ಗುಂಯ್‌ಗುಡಿಕೆ ಕೇಳಬಹುದು. ಅದು ನಮ್ಮ ಕರೆಂಟಿನ 50 ಹರ್ಟ್ಸಿನ ಸದ್ದು. ಬಾಕ್ಸೂ ಲ್ಯಾಪ್‌ಟಾಪೂ ಬೇರೆಬೇರೆ ದಾರಿಯಲ್ಲಿ ಅರ್ತಿಂಗಿಗೆ ಸೇರಿದಾಗ ಹೀಗಾಗುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ, ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಸಣ್ಣ ಟ್ರಾನ್ಸ್‌ಫಾರ್ಮರ್ ಡಬ್ಬಿ ನಡುವೆ ಹಾಕಿ. ಅರ್ತಿಂಗ್ ಪಿನ್ನು ಕತ್ತರಿಸುವ ಸಾಹಸ ಮಾತ್ರ ಬೇಡ, ಜೀವಕ್ಕೆ ಅಪಾಯ.

ಹೀಗೆ ಮನೆಯ ಬಳಕೆಗೆ ಧ್ವನಿಮುದ್ರಿಸಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯಿದೆಯ 39ನೇ ವಿಧಿ ಅವಕಾಶ ಕೊಡುತ್ತದೆ. ಅದನ್ನು ಊರಿಗೆಲ್ಲ ಹಂಚುವುದು ಬೇರೆ ಮಾತು.

ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮುಂಚೆ ಅದೇ ವಾಹಿನಿಯ ದನಿಯನ್ನು ಎರಡು ನಿಮಿಷ ಮುದ್ರಿಸಿ ಹೆಡ್‌ಫೋನಿನಲ್ಲಿ ಕೇಳಿ. ಮೀಟರಿನ ಮುಳ್ಳು ಜೋರಾದ ಜಾಗದಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಇರಲಿ. ಜಾಹೀರಾತು ಬಂದಾಗ ಕೆಂಪಿಗೆ ತಾಗುತ್ತಿದ್ದರೆ ಇನ್ನಷ್ಟು ತಗ್ಗಿಸಿ. ಆಮೇಲೆ ಬಾಕ್ಸಿನ ರಿಮೋಟನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಹಲವು ಬಾಕ್ಸುಗಳಲ್ಲಿ ಅದರ ವಾಲ್ಯೂಮ್ ಒತ್ತಿದರೆ ವೈರಿನಲ್ಲಿ ಬರುವ ದನಿಯೂ ಏರಿಳಿಯುತ್ತದೆ.