ಎಡಗಣ್ಣು ಅದುರಿತೆಂದು ಪ್ರಯಾಣ ನಿಲ್ಲಿಸಬೇಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆ ಕೊಯ್ಲು ಶುರುವಾಯಿತೆಂದರೆ ನಿದ್ದೆಗೆ ಕತ್ತರಿ. ಮೆಟ್ಟುಗತ್ತಿಯ ಮುಂದೆ ಸುಲಿಯಲು ಕೂತವರು ಸರಿರಾತ್ರಿಯಾದರೂ ಏಳುವುದಿಲ್ಲ. ಬೆಳಗಾದರೆ ಬೇಯಿಸುವ ಹಂಡೆಯ ಹೊಗೆ. ಈ ದಿನಗಳಲ್ಲಿ ಯಾರಿಗಾದರೂ ಕಣ್ಣು ಅದುರಿದರೆ ಮನೆಮಂದಿ ಕೇಳುವುದು ‘ಎಡವೋ ಬಲವೋ’ ಎಂದು. ‘ನಿನ್ನೆ ಎಷ್ಟು ಹೊತ್ತು ಮಲಗಿದ್ದೆ’ ಎಂದು ಕೇಳುವವರು ಅಪರೂಪ.

ತಪ್ಪು ಕಲ್ಪನೆ: ಗಂಡಸರಿಗೆ ಬಲಗಣ್ಣು, ಹೆಂಗಸರಿಗೆ ಎಡಗಣ್ಣು ಅದುರಿದರೆ ಶುಭ, ಅದಲುಬದಲಾದರೆ ಕೇಡು.

ವಾಸ್ತವ: ನಂಬಿಕೆ ಬಹಳ ಹಳೆಯದು, ಅದರ ಬೇರು ಕಾವ್ಯದಲ್ಲೂ ಇದೆ. ವಾಲ್ಮೀಕಿಯ ಸುಂದರಕಾಂಡದಲ್ಲಿ ಹತಾಶಳಾಗಿದ್ದ ಸೀತೆಗೆ ಹನುಮಂತ ಮಾತಾಡಿಸುವ ಮುಂಚೆ ಎಡಗಣ್ಣು ಅದುರುತ್ತದೆ. ಕಿಷ್ಕಿಂಧಾಕಾಂಡದಲ್ಲಿ ರಾಮ, ಸುಗ್ರೀವರು ಸ್ನೇಹ ಬೆಳೆಸಿದ ಗಳಿಗೆಯಲ್ಲಿ ಸೀತೆ, ವಾಲಿ, ರಾವಣ ಮೂವರಿಗೂ ಒಟ್ಟಿಗೇ ಎಡಗಣ್ಣು ಅದುರುತ್ತದೆ; ಒಬ್ಬಳಿಗೆ ಒಳಿತು, ಇಬ್ಬರಿಗೆ ಅಳಿವು. ಕಾಳಿದಾಸನ ಶಕುಂತಲೆಗೆ ದುಷ್ಯಂತನ ಅರಮನೆಯಲ್ಲಿ ಅದುರುವುದು ಬಲಗಣ್ಣು. ಇವೆಲ್ಲ ಮನಸ್ಸಿಗೆ ತಟ್ಟುವ ಸನ್ನಿವೇಶಗಳೇ. ಆದರೆ ಕಥೆಯಲ್ಲಿ ಮುಂದೇನಾಗುತ್ತದೆಂಬುದು ಕವಿಗೆ ಮೊದಲೇ ಗೊತ್ತು. ನಮ್ಮ ನಾಳೆ ನಮ್ಮ ರೆಪ್ಪೆಗೆ ಗೊತ್ತಿಲ್ಲ.

ಚೀನಾದ ಜನಪ್ರಿಯ ನಂಬಿಕೆಯಲ್ಲಿ ಎಡಗಣ್ಣು ಅದುರಿದರೆ ಹಣ, ಬಲಗಣ್ಣು ಅದುರಿದರೆ ಆಪತ್ತು. ತೀರ್ಥಹಳ್ಳಿಯ ಗಂಡಸಿಗೆ ಶುಭ ತರುವ ಬಲಗಣ್ಣು ಅಲ್ಲಿ ಕೇಡಿನದಾಗುತ್ತದೆ! ದೇಹಕ್ಕೆ ಈ ಲೆಕ್ಕ ಯಾವುದೂ ಇಲ್ಲ. ಎರಡೂ ಕಣ್ಣಿನ ಸುತ್ತ ಇರುವುದು ಒಂದೇ ಬಗೆಯ ಉಂಗುರಾಕಾರದ ಸ್ನಾಯು. ಅದನ್ನು ಆಡಿಸುವುದು ಆಯಾ ಬದಿಯ ಏಳನೆಯ ಕಪಾಲ ನರ, ಅಂದರೆ ಮುಖದ ನರ. ಗಂಡಿಗೂ ಹೆಣ್ಣಿಗೂ ಅಷ್ಟೇ.

ತಪ್ಪು ಕಲ್ಪನೆ: ಯಾರದೋ ದೃಷ್ಟಿ ತಾಗಿದೆ, ಇಲ್ಲವೇ ಯಾವುದೋ ಹರಕೆ ಬಾಕಿಯಿದೆ.

ವಾಸ್ತವ: ಸಾಮಾನ್ಯ ಅದುರುವಿಕೆಗೆ ವೈದ್ಯರು ಮಯೋಕಿಮಿಯಾ ಎನ್ನುತ್ತಾರೆ. ಸ್ನಾಯುವಿನ ಕೆಲವು ಎಳೆಗಳು ತಮ್ಮಷ್ಟಕ್ಕೇ ಮಿಡಿಯುತ್ತವೆ, ಹೆಚ್ಚಾಗಿ ಕೆಳರೆಪ್ಪೆಯಲ್ಲಿ. ನಿದ್ದೆಗೇಡು, ದಣಿವು, ಚಿಂತೆ, ಅತಿಯಾದ ಕಾಫಿ ಚಹಾ ಇದಕ್ಕೆ ಇಂಬು ಕೊಡುತ್ತವೆ. ಕಣ್ಣು ಒಣಗುವುದು, ಹೊಗೆಯ ಉರಿ, ಬಿಡದೆ ಮೊಬೈಲ್ ನೋಡುವುದೂ ಸೇರಿಕೊಳ್ಳುತ್ತವೆ. ಸುಗ್ಗಿಯ ಮನೆಯಲ್ಲಿ ಇವುಗಳಲ್ಲಿ ಯಾವುದಕ್ಕೆ ಕೊರತೆ? ಸಿಗಂದೂರಿನ ದೇವಸ್ಥಾನಕ್ಕೆ ಹೋಗಿ ಕೈಮುಗಿದು ಬನ್ನಿ, ಮನಸ್ಸು ಹಗುರಾದೀತು. ಆದರೆ ನಿದ್ದೆಯನ್ನೂ ಮಾಡಿ, ಸಂಜೆಯ ಮೇಲಿನ ಕಾಫಿ ಬಿಡಿ, ಹೊಗೆಯಿಂದ ದೂರ ಕೂತುಕೊಳ್ಳಿ. ಕೇಡು ಬರುತ್ತದೆಂಬ ಭಯವೂ ಚಿಂತೆಯೇ ಅಲ್ಲವೆ? ಅದರಿಂದ ಅದುರುವುದು ಇನ್ನಷ್ಟು ದಿನ ಎಳೆಯಬಹುದು.

ತಪ್ಪು ಕಲ್ಪನೆ: ಇದು ಲಕ್ವದ ಮುನ್ಸೂಚನೆ.

ವಾಸ್ತವ: ಬರೀ ರೆಪ್ಪೆ ಅದುರುವುದು ಲಕ್ವದ ಲಕ್ಷಣವಲ್ಲ. ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಕೈಕಾಲು ಸೋಲುವುದು, ಮಾತು ತೊದಲುವುದು – ಇವಕ್ಕೆ ಮಾತ್ರ ಒಂದು ಗಳಿಗೆಯೂ ಕಾಯಬಾರದು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡಾಸ್ಪತ್ರೆಗೆಂದು ಹೊರಟರೆ ಸಾಗರದಿಂದ ಶಿವಮೊಗ್ಗಕ್ಕೇ ಸುಮಾರು 70 ಕಿಲೋಮೀಟರ್ ದಾರಿಯಿದೆ.

ತಪ್ಪು ಕಲ್ಪನೆ: ಹೇಗಿದ್ದರೂ ತಾನೇ ಹೋಗುತ್ತದೆ, ಡಾಕ್ಟರಿಗೆ ತೋರಿಸುವುದೇ ಬೇಡ.

ವಾಸ್ತವ: ಹೆಚ್ಚಿನವರಲ್ಲಿ ಕೆಲವು ದಿನ ಅಥವಾ ವಾರಗಳಲ್ಲಿ ಹೋಗುತ್ತದೆ, ನಿಜ. ನನಗೆ ಕಳವಳವಿರುವುದು ಹೋಗದವರ ಬಗ್ಗೆ. ಕಣ್ಣಿನಲ್ಲಿ ಶುರುವಾದ ಸೆಳೆತ ತಿಂಗಳುಗಳು ಕಳೆದಂತೆ ಅದೇ ಬದಿಯ ಕೆನ್ನೆಗೆ, ತುಟಿಯ ತುದಿಗೆ ಇಳಿದರೆ ಅದು ಅರ್ಧಮುಖದ ಸೆಳೆತ. ಬಹಳ ಮಂದಿಯಲ್ಲಿ ರಕ್ತನಾಳವೊಂದು ಮುಖದ ನರವನ್ನು ಮಿದುಳಿನ ಬುಡದಲ್ಲಿ ಒತ್ತುತ್ತಿರುತ್ತದೆ. ಎರಡೂ ಕಣ್ಣು ಬೇಡವೆಂದರೂ ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದರೆ ಅದು ಬ್ಲೆಫರೋಸ್ಪಾಸಮ್, ಸಾಮಾನ್ಯವಾಗಿ ನಡುವಯಸ್ಸು ದಾಟಿದವರಿಗೆ ಬರುವಂಥದ್ದು. ಎರಡಕ್ಕೂ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು ಇದೆ. ಪರಿಣಾಮ ಸುಮಾರು ಮೂರು ತಿಂಗಳಿರುತ್ತದೆ, ಮತ್ತೆ ಕೊಡಿಸಬೇಕು. ಇಂಥವರನ್ನು ‘ಅಪಶಕುನದ ಮುಖ’ ಎಂದು ಶುಭಕಾರ್ಯಗಳಿಂದ ದೂರವಿಡುವುದು ಕ್ರೌರ್ಯ. ಅದುರುವುದು ಕೆಲವು ವಾರ ದಾಟಿದರೆ, ರೆಪ್ಪೆ ಜೋತುಬಿದ್ದರೆ, ಕಣ್ಣು ಕೆಂಪಾಗಿ ಪಿಸುರು ಬಂದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಬೇಕಾದರೆ ಅವರೇ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಬರೆದುಕೊಡುತ್ತಾರೆ.

ತಪ್ಪು ಕಲ್ಪನೆ: ಕೆಟ್ಟ ಕಣ್ಣು ಅದುರಿದ ದಿನ ಮನೆಯಿಂದ ಹೊರಡಬಾರದು.

ವಾಸ್ತವ: ನಿದ್ದೆಗೆಟ್ಟು ಕಣ್ಣು ಅದುರುತ್ತಿರುವಾಗ ಘಾಟಿಯಲ್ಲಿ ಗಾಡಿ ಓಡಿಸಬೇಡಿ ಎಂದರೆ ಒಪ್ಪುವೆ. ಶಕುನಕ್ಕೆ ಹೆದರಿ ಆಸ್ಪತ್ರೆಯ ದಾರಿಯನ್ನು ನಾಳೆಗೆ ತಳ್ಳುವುದನ್ನು ಒಪ್ಪಲಾರೆ. ತಡಮಾಡಬಾರದ ಕಾಯಿಲೆಯೊಂದು ನಮ್ಮ ಸೀಮೆಯಲ್ಲೇ ಇದೆ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಜೀವಗಳನ್ನು ಬಲಿ ಪಡೆಯಿತು. ಉಣುಗು ಕಚ್ಚಿ ಬರುವ ಈ ರೋಗದಲ್ಲಿ ದಿಢೀರ್ ಜ್ವರ, ತಲೆನೋವು, ಮೈಕೈ ನೋವಿನ ಜೊತೆ ಕಣ್ಣೂ ಕೆಂಪಾಗಬಹುದು. ಬೇಸಗೆಯಲ್ಲಿ ಕಾಡಿಗೆ ಸೊಪ್ಪು, ತರಗೆಲೆ ತರಲು ಹೋಗಿ ಬಂದವರಿಗೆ ಹೀಗಾದರೆ, ಯಾವ ಕಣ್ಣು ಅದುರುತ್ತಿದ್ದರೂ ಸರಿ, ಅದೇ ದಿನ ಹೊರಟು ರಕ್ತ ಪರೀಕ್ಷೆ ಮಾಡಿಸಿ.