ಅಪ್ಪ ಪುಣೆಯಲ್ಲಿ, ಮಗ ಮೈದಾನದಲ್ಲಿ

ದೀಪಾವಳಿ ಮುಗಿಯಿತೆಂದರೆ ನನ್ನ ಖೋ ಖೋ ತಂಡ ಅರ್ಧಕ್ಕೆ ಇಳಿಯುತ್ತದೆ. ಒಂಬತ್ತು ಮಂದಿ ಅಂಕಣಕ್ಕಿಳಿಯಬೇಕಾದ ಆಟಕ್ಕೆ ನಾಲ್ಕೋ ಐದೋ ಹುಡುಗರು ಉಳಿದಿರುತ್ತಾರೆ. ಹೋದವರಿಗೆ ಆಟ ಬೇಸರವಾಗಿರುವುದಿಲ್ಲ, ಕಾಲು ಉಳುಕಿರುವುದಿಲ್ಲ. ಅವರ ಮನೆಗೆ ಕೂಲಿಗೆ ಜನರನ್ನು ಕರೆದೊಯ್ಯುವ ಮುಕಾದಮ ಬಂದು ಮುಂಗಡ ಕೊಟ್ಟು ಹೋಗಿರುತ್ತಾನೆ, ಅಷ್ಟೆ.

ನಾನು ದೈಹಿಕ ಶಿಕ್ಷಕ. ನಮ್ಮ ಕಡೆಯ ಮಾತಿನಲ್ಲಿ ಪಿ.ಟಿ. ಮಾಸ್ತರ. ಹುಟ್ಟಿದ್ದು ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನಲ್ಲಿ, ಸೀಟಿ ಊದಿದ್ದು ಹೆಚ್ಚಾಗಿ ಅಫಜಲಪುರ ಮತ್ತು ಜೇವರ್ಗಿಯ ಹಳ್ಳಿ ಶಾಲೆಗಳಲ್ಲಿ. ಆಳಂದ, ಅಫಜಲಪುರಗಳ ಬೆನ್ನಿಗೇ ಮಹಾರಾಷ್ಟ್ರ. ಅಕ್ಕಲಕೋಟ, ಸೊಲ್ಲಾಪುರ ನಮಗೆ ಪರರಾಜ್ಯವೆಂದು ಅನ್ನಿಸುವುದೇ ಇಲ್ಲ. ಮದುವೆ ಜವಳಿಗೂ ದವಾಖಾನೆಗೂ ಅಲ್ಲಿಗೇ ಹೋಗುವವರು ನಾವು. ಅಫಜಲಪುರ, ಜೇವರ್ಗಿಗಳನ್ನು ಭೀಮಾ ನದಿ ಹಾದುಹೋಗುತ್ತದೆ. ಹೊಳೆದಂಡೆಯವರಿಗೆ ಕಬ್ಬು ಉಂಟು. ಒಣ ಬೇಸಾಯದವರಿಗೆ ತೊಗರಿಯೊಂದೇ ಆಸರೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಬೇಳೆಗೇನೋ ಹೆಸರು ಬಂತು. ಆದರೆ ತುಂಡು ಹೊಲದ ತೊಗರಿ ರಾಶಿಯಾದ ಮೇಲೆ ಮುಂದಿನ ಮುಂಗಾರಿನವರೆಗೆ ಆ ನೆಲದಲ್ಲಿ ಕೆಲಸವಿಲ್ಲ. ಹೊಲವೇ ಇಲ್ಲದವರು ರಾಶಿಯವರೆಗೂ ಕಾಯುವುದಿಲ್ಲ. ಕೆಲವರು ಕಬ್ಬು ಕಡಿಯಲು ಮಹಾರಾಷ್ಟ್ರದ ಕಾರ್ಖಾನೆಗಳ ಕಡೆ, ಕೆಲವರು ಗೌಂಡಿ ಕೆಲಸಕ್ಕೆ ಪುಣೆ, ಮುಂಬೈಗೆ, ಇನ್ನು ಕೆಲವರು ಹೈದರಾಬಾದ್, ಬೆಂಗಳೂರಿಗೆ ಹೊರಡುತ್ತಾರೆ. ತಾಂಡಾಗಳಲ್ಲಂತೂ ಮನೆಗೆ ಕೀಲಿ ಬಿದ್ದು, ಅಂಗಳದಲ್ಲಿ ಮುದುಕರಷ್ಟೇ ಉಳಿಯುತ್ತಾರೆ.

ಈ ಗಂಟುಮೂಟೆಯ ನಡುವೆ ಒಬ್ಬ ಹುಡುಗನ ಆಟ ಏನಾಗುತ್ತದೆ ಎಂಬುದೇ ನನ್ನ ಲೇಖನದ ವಿಷಯ.

ಸಿನಿಮಾದವರಿಗೆ ಈ ಕತೆ ಅಚ್ಚುಮೆಚ್ಚು. ಪರವೂರಿಗೆ ಹೋದ ಅಪ್ಪ, ಅಲ್ಲಿ ಬೆಳೆದ ಮಕ್ಕಳು, ನಡುವೆ ಒಂದು ಚೆಂಡು. ಗುರಿಂದರ್ ಚಡ್ಢಾ ಅವರ 2002ರ ‘ಬೆಂಡ್ ಇಟ್ ಲೈಕ್ ಬೆಕ್‌ಹಮ್’ ಚಿತ್ರದ ಅಪ್ಪ ಕೀನ್ಯಾದಲ್ಲಿ ಒಳ್ಳೆಯ ಬೌಲರ್. ಲಂಡನ್ನಿಗೆ ಬಂದಾಗ ಅಲ್ಲಿನ ಕ್ಲಬ್‌ಗಳು ಸೇರಿಸಿಕೊಳ್ಳಲಿಲ್ಲ. ಆ ಅವಮಾನ ಮಗಳಿಗೂ ಆಗದಿರಲಿ ಎಂದು ಅವಳ ಫುಟ್ಬಾಲ್‌ಗೆ ಅಡ್ಡ ಬರುತ್ತಾನೆ. 2016ರ ‘ದಂಗಲ್’ ಚಿತ್ರದ ಅಪ್ಪ ಇದಕ್ಕೆ ತದ್ವಿರುದ್ಧ. ತನಗೆ ಸಿಗದ ಪದಕವನ್ನು ಮಕ್ಕಳಿಂದ ತರಿಸಲು ಹಟ ತೊಡುತ್ತಾನೆ. ಒಬ್ಬ ತಡೆಯುವವ, ಇನ್ನೊಬ್ಬ ದೂಡುವವ. ಇಬ್ಬರೂ ಮನೆಯಲ್ಲಿದ್ದಾರೆ ಎಂಬುದನ್ನು ಗಮನಿಸಿ. ನಮ್ಮ ಮೂರು ತಾಲೂಕುಗಳ ಅಪ್ಪ ತಡೆಯುವುದಕ್ಕಾಗಲಿ ದೂಡುವುದಕ್ಕಾಗಲಿ ಊರಿನಲ್ಲೇ ಇರುವುದಿಲ್ಲ.

ಕನ್ನಡದ ಮನೆಯೊಂದರಲ್ಲೇ ಈ ಕತೆ ಸೊಗಸಾಗಿ ಕೈಗೂಡಿದ್ದೂ ಉಂಟು. ಬೆಂಗಳೂರಿನ ರವಿ ಕೃಷ್ಣಮೂರ್ತಿ 1990ರ ದಶಕದಲ್ಲಿ ನ್ಯೂಜಿಲೆಂಡಿಗೆ ಹೋಗಿ ನೆಲೆಸಿದ ಸಾಫ್ಟ್‌ವೇರ್ ಉದ್ಯೋಗಿ. ಬೆಂಗಳೂರಿನಲ್ಲಿ ಕ್ಲಬ್ ಕ್ರಿಕೆಟ್ ಆಡಿದವರು. ಅವರ ಮಗ ರಚಿನ್ ರವೀಂದ್ರ ಹುಟ್ಟಿದ್ದು 1999ರ ನವೆಂಬರ್ 18ರಂದು ವೆಲಿಂಗ್ಟನ್ನಿನಲ್ಲಿ. ಅಪ್ಪ ಅಲ್ಲಿ ಹಟ್ ಹಾಕ್ಸ್ ಎಂಬ ಕ್ರಿಕೆಟ್ ಕ್ಲಬ್ ಕಟ್ಟಿದರು. ಅಲ್ಲಿನ ಹುಡುಗರನ್ನು ಭಾರತಕ್ಕೆ ಕರೆತಂದು ಇಲ್ಲಿನ ಪಿಚ್‌ಗಳ ಮೇಲೆ ಆಡಿಸಿದರು. ಮಗನೂ ಆ ಗುಂಪಿನಲ್ಲಿ ಬರುತ್ತಿದ್ದ. 2023ರ ವಿಶ್ವಕಪ್‌ನಲ್ಲಿ ರಚಿನ್ ಮೂರು ಶತಕಗಳೊಂದಿಗೆ 578 ರನ್ ಹೊಡೆದರು. ಅದರಲ್ಲೊಂದು ಶತಕ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ. ಮರುವರ್ಷ ಅಕ್ಟೋಬರ್‌ನಲ್ಲಿ ಅದೇ ಕ್ರೀಡಾಂಗಣದಲ್ಲಿ ಭಾರತ 46 ರನ್ನಿಗೆ ಆಲೌಟ್ ಆದ ಟೆಸ್ಟ್‌ನಲ್ಲಿ 134 ರನ್ ಗಳಿಸಿದರು. 1988ರ ನಂತರ ನ್ಯೂಜಿಲೆಂಡ್ ಭಾರತದ ನೆಲದಲ್ಲಿ ಗೆದ್ದ ಮೊದಲ ಟೆಸ್ಟ್ ಅದು. ಅಪ್ಪ ಬಿಟ್ಟುಹೋದ ಊರಿನಲ್ಲೇ ಮಗ ಎದುರಾಳಿಯಾಗಿ ಶತಕ ಹೊಡೆದ, ಊರಿನವರು ಅದಕ್ಕೂ ಚಪ್ಪಾಳೆ ತಟ್ಟಿದರು.

ನನ್ನ ಹುಡುಗರಿಗೆ ಈ ಕತೆ ಹೇಳಿದೆ. ಒಬ್ಬ ಎದ್ದು ನಿಂತು, “ಸರ, ಅವರಪ್ಪ ಡ್ಯೂಟಿ ಮುಗಿಸಿ ಮನಿಗಿ ಬರ್ತಿದ್ನೇನ್ರಿ?” ಎಂದ.

ಎಲ್ಲ ಅಡಗಿರುವುದು ಆ ಪ್ರಶ್ನೆಯಲ್ಲೇ. ವೆಲಿಂಗ್ಟನ್ನಿಗೆ ಹೋದ ಅಪ್ಪನಿಗೆ ಅಲ್ಲೊಂದು ಮನೆ, ಒಂದು ವಿಳಾಸ, ಶನಿವಾರ-ಭಾನುವಾರದ ಬಿಡುವು ಇತ್ತು. ಆ ಬಿಡುವಿನಿಂದಲೇ ಕ್ಲಬ್ ಹುಟ್ಟಿತು. ಆಳಂದದಿಂದ ಪುಣೆಗೆ ಹೋದ ಅಪ್ಪನಿಗೆ ಇರುವುದು ಕಟ್ಟುತ್ತಿರುವ ಬಿಲ್ಡಿಂಗಿನ ಪಕ್ಕದ ತಗಡಿನ ಶೆಡ್ಡು. ಒಂದು ಬಿಲ್ಡಿಂಗಿನ ಸ್ಲ್ಯಾಬ್ ಮುಗಿದರೆ ಶೆಡ್ಡು ಇನ್ನೊಂದು ಕಡೆಗೆ. ವಾರಕ್ಕೊಮ್ಮೆ ಬಟವಡೆ, ರಜೆ ಮಾಡಿದ ದಿನದ ಪಗಾರ ಇಲ್ಲ. ಮಗನನ್ನು ಕರೆದುಕೊಂಡು ಹೋದರೆ ಅಲ್ಲಿ ಶಾಲೆಯೂ ಇಲ್ಲ, ತಂಡವೂ ಇಲ್ಲ. ಬಿಟ್ಟುಹೋದರೆ ಅಜ್ಜಿಯ ಕೈಯ ರೊಟ್ಟಿ, ಶೇಂಗಾ ಹಿಂಡಿ. ಹುಡುಗ ಆಟಗಾರನಾಗಬೇಕಾದರೆ ಅವನು ಒಂದು ಕಡೆ ನಿಲ್ಲಬೇಕು. ಅವನು ನಿಲ್ಲಬೇಕಾದರೆ ಅಪ್ಪ ಅವನನ್ನು ಬಿಟ್ಟುಹೋಗಬೇಕು. ನಮ್ಮ ಕಡೆ ಅಪ್ಪ ಮಗನ ಕನಸಿಗೆ ಕೊಡಬಹುದಾದ ದೊಡ್ಡ ಕಾಣಿಕೆ ಇದೇ: “ನೀ ಊರಾಗೇ ಇರು.” ಮಗನ ಎರಡು ಕೈಯ ದುಡಿಮೆಯನ್ನು ಬಿಟ್ಟುಕೊಟ್ಟು ಹೇಳುವ ಮಾತು ಅದು. ಹದಿನಾಲ್ಕರ ಹುಡುಗ ಕಬ್ಬಿನ ಗದ್ದೆಗೆ ಬಂದರೆ ಮನೆಯ ಸಾಲ ಬೇಗ ಹರಿಯುತ್ತದೆಂಬ ಲೆಕ್ಕ ಎಲ್ಲ ಅಪ್ಪಂದಿರಿಗೂ ಗೊತ್ತು.

ಈ ಲೆಕ್ಕಕ್ಕೆ ಶಾಲಾ ಕ್ರೀಡೆಯ ಪಂಚಾಂಗವೂ ಸೇರಿಕೊಳ್ಳುತ್ತದೆ. ಓದುಗರಲ್ಲಿ ಬಹಳ ಜನರಿಗೆ ಅದು ತಿಳಿದಿರಲಾರದು. ಸರಕಾರಿ ಶಾಲೆಯ ಹುಡುಗ ಮೇಲೇರುವ ಮೆಟ್ಟಿಲುಗಳು ಹೀಗಿವೆ: ಹೋಬಳಿ ಅಥವಾ ವಲಯ, ತಾಲೂಕು, ಜಿಲ್ಲೆ, ಕಲಬುರಗಿ ವಿಭಾಗ, ರಾಜ್ಯ, ಕೊನೆಗೆ ರಾಷ್ಟ್ರ. ಮೊದಲ ಮೆಟ್ಟಿಲುಗಳು ಮಳೆಗಾಲದಲ್ಲಿ ಬರುತ್ತವೆ. ಆಗ ಎಲ್ಲರೂ ಊರಿನಲ್ಲಿರುತ್ತಾರೆ. ಹೊಲದಲ್ಲಿ ಕಳೆ, ಶಾಲೆಯಲ್ಲಿ ಹಾಜರಿ. ಜಿಲ್ಲೆಯಿಂದ ಮೇಲಿನ ಮೆಟ್ಟಿಲುಗಳು ದಸರೆಯ ಆಚೀಚೆ ಮತ್ತು ಆನಂತರ. ಮುಕಾದಮ ಬರುವುದೂ ಆಗಲೇ. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಚೆಸ್ಟ್ ನಂಬರ್ ಕಟ್ಟಿಕೊಂಡು ಓಡಿ ಗೆದ್ದ ಹುಡುಗ, ವಿಭಾಗ ಮಟ್ಟದ ದಿನ ಯಾವುದೋ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಟ್ರ್ಯಾಕ್ಟರಿನ ಸರದಿ ಕಾಯುತ್ತ ಕೂತಿರುವುದನ್ನು ನಾನು ಕಂಡಿದ್ದೇನೆ. ಗೈರುಹಾಜರಾದವನ ಜಾಗಕ್ಕೆ ಮೂರನೆಯ ಸ್ಥಾನದವನು ಹೋಗುತ್ತಾನೆ. ಪಟ್ಟಿಯಲ್ಲಿ ಒಂದು ಹೆಸರು ಕಾಟು ಹೊಡೆದಿರುತ್ತದೆ, ಕಾರಣ ಬರೆದಿರುವುದಿಲ್ಲ.

ಅಪ್ಪಂದಿರು ಊರಿನಲ್ಲೇ ಇರುವುದಿಲ್ಲ ಎಂದೆನಲ್ಲ, ಒಂದು ಸಲ ಅವರೆಲ್ಲ ಬಂದಿದ್ದರು. ದೇಶದಲ್ಲಿ ಕೊರೊನಾದ ಮೊದಲ ಸಾವು ದೃಢಪಟ್ಟದ್ದು ನಮ್ಮ ಕಲಬುರಗಿಯಲ್ಲೇ, 2020ರ ಮಾರ್ಚ್‌ನಲ್ಲಿ. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಮರಳಿದವರನ್ನು ಇಳಿಸಿದ್ದು ಹಳ್ಳಿಗಳ ಶಾಲೆಗಳಲ್ಲಿ. ನಮ್ಮ ಶಾಲೆಯೂ ಕ್ವಾರಂಟೈನ್ ಕೇಂದ್ರವಾಯಿತು. ಮಗ ಕೂರುತ್ತಿದ್ದ ಏಳನೆಯ ಇಯತ್ತೆಯ ಕೋಣೆಯಲ್ಲಿ ಅಪ್ಪ ಚಾಪೆ ಹಾಸಿಕೊಂಡ. ಹೊರಗೆ ಬರುವಂತಿಲ್ಲ, ಮನೆಯವರು ಒಳಗೆ ಹೋಗುವಂತಿಲ್ಲ. ಊಟದ ಡಬ್ಬಿ ಕೊಡಲು ಬಂದ ಹುಡುಗರು ಸಂಜೆಯಾದರೂ ಹೋಗದೆ ಕಾಂಪೌಂಡಿನ ಆಚೆಯ ಬಯಲಿನಲ್ಲಿ ಖೋ ಖೋ ಸುರು ಮಾಡಿದರು. ಗದರಿಸಿ ಕಳಿಸುವುದು ನನ್ನ ಕೆಲಸವಾಗಿತ್ತು, ಗದರಿಸಿದೆ ಕೂಡ. ಅಷ್ಟರಲ್ಲಿ ಕಿಟಕಿಯಿಂದ ಒಂದು ದನಿ:

“ಸರ, ಇರ್ಲಿ ಬಿಡ್ರಿ. ಒಂದೀಟ ನೋಡ್ತೀವಿ.”

ಪ್ರತಿ ಕಿಟಕಿಯ ಸರಳಿನ ಹಿಂದೆ ಮೂರು ನಾಲ್ಕು ಮುಖಗಳು. ಕಂಬದ ಬದಲು ಜಾಲಿ ಗೂಟ, ಗೆರೆಯ ಬದಲು ಕಾಲಲ್ಲಿ ಎಳೆದ ಗೀರು. ಒಬ್ಬ ಹುಡುಗ ಗೂಟದ ಹತ್ತಿರ ಮೈಯನ್ನು ನೆಲಕ್ಕೆ ಸಮನಾಗಿ ಚೆಲ್ಲಿ ಎದುರಾಳಿಯ ಹಿಮ್ಮಡಿ ಮುಟ್ಟಿದ. ಧೂಳೆದ್ದಿತು. “ಯಾರ್ ಮಗ ಅಂವ?” ಎಂದು ಒಳಗಿನಿಂದ ಒಬ್ಬ ಕೇಳಿದ. ಇನ್ನೊಬ್ಬ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಂವನೇ ಕಾಣ್ತಾನ” ಎಂದ. ತನ್ನ ಮಗ ಆಡುವುದನ್ನು ಅವನು ನೋಡಿದ್ದು ಅದೇ ಮೊದಲು. ಆಮೇಲೆ ಆ ಅಪ್ಪ ಪುಣೆಗೆ ತಿರುಗಿ ಹೋದ ಮೇಲೂ ನನಗೆ ಫೋನು ಮಾಡುತ್ತಿದ್ದ. ಹಿಂದೆ ಮಿಕ್ಸರಿನ ಗಡಗಡ. ಮನೆಯ ಕ್ಷೇಮ ಕೇಳುವ ಮೊದಲೇ, “ಹುಡುಗ ಕಂಬದ ಹಂತೇಕ ಇನ್ನೂ ಹಂಗೇ ಬೀಳ್ತಾನೇನ್ರಿ?”

ಆದರೆ ಇಂಥ ಅಪ್ಪನೇ ಒಮ್ಮೆ ಕಟುವಾದ ಪ್ರಶ್ನೆಯನ್ನೂ ಕೇಳಿದ: “ಖೋ ಖೋ ಆಡಿದ್ರ ಮುಂದ ಏನ್ ಸಿಗ್ತದ್ರಿ?” 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಆ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ನಮ್ಮ ಸರಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ ಮತ್ತು ಸರಕಾರಿ ನೌಕರಿ ಕೊಡುವುದಾಗಿ ಹೇಳಿತ್ತು. ಇಬ್ಬರೂ ಕರ್ನಾಟಕದ ಬಹುಮಾನವನ್ನು ಬೇಡವೆಂದರು. ಬೆಂಗಳೂರಿನ ಓದುಗರಿಗೆ ಇದು ಒಂದು ದಿನದ ಸುದ್ದಿಯಾಗಿರಬಹುದು. ಅಕ್ಕಲಕೋಟಕ್ಕೆ ಸಂತೆಗೆ ಹೋಗಿಬರುವ ನಮ್ಮ ಜನರಿಗೆ ಅದು ಗಡಿಯ ಎರಡು ಬದಿಯ ತಕ್ಕಡಿ. ಅಪ್ಪನ ಪ್ರಶ್ನೆಗೆ ನಾನು ಉತ್ತರ ಹೇಳುವ ಮೊದಲೇ ಅವನಿಗೆ ಅದು ಗೊತ್ತಿತ್ತು.

ಹಾಗಾಗಿ ಕೆಲವು ಮನೆಗಳಲ್ಲಿ ಕನಸು ದಿಕ್ಕು ಬದಲಿಸಿ, ಅಪ್ಪನ ಬದಲು ಮಗನೇ ಊರು ಬಿಡುತ್ತಾನೆ. ಕುಸ್ತಿಯಲ್ಲಿ ಇದು ಹಳೆಯ ದಾರಿ. ಗಡಿ ಭಾಗದ ಹುಡುಗರಿಗೆ ಕೊಲ್ಲಾಪುರವೆಂದರೆ ಪೈಲ್ವಾನರ ಕಾಶಿ. ಶಾಹೂ ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ್ ಮೈದಾನದ ಕೆಂಪು ಮಣ್ಣಿನಲ್ಲಿ ಒಂದು ಕುಸ್ತಿ ಆಡಬೇಕೆಂಬುದು ಅವರ ಆಸೆ. ಅಲ್ಲಿನ ತಾಲೀಮಿನಲ್ಲಿ ಉಳಿದವನಿಗೆ ವಸ್ತಾದರ ಕೈಯ ಪಾಠ ಸಿಗುತ್ತದೆ. ಖುರಾಕಿನ ಖರ್ಚು ಮಾತ್ರ ಮನೆಯದು. ಹಾಲು, ತುಪ್ಪ, ಬಾದಾಮಿ. ಜೇವರ್ಗಿ ಕಡೆಯ ಒಬ್ಬ ಅಪ್ಪ ಮುಂಬೈಯಲ್ಲಿ ಬಿಗಾರಿ ಮಾಡಿ ಕೊಲ್ಲಾಪುರಕ್ಕೆ ಬಾದಾಮಿಯ ದುಡ್ಡು ಕಳಿಸುತ್ತಿದ್ದ. ಊರಿನಲ್ಲಿ ತಾಯಿ, ನಡುವೆ ಎರಡು ಬಸ್ಸು, ಒಂದು ರೈಲು. ಮೂವರೂ ಒಟ್ಟಿಗೆ ಸೇರುತ್ತಿದ್ದದ್ದು ಊರ ಜಾತ್ರೆಗೆ, ಮಗ ಅಖಾಡಕ್ಕಿಳಿಯುವ ದಿನ. ಕಡೆಯ ಕುಸ್ತಿ ಗೆದ್ದವನಿಗೆ ಬೆಳ್ಳಿ ಕಡಗ. ಗೆದ್ದ ವರ್ಷ ಕಡಗ ಮನೆಯಲ್ಲಿ ಹೆಚ್ಚು ದಿನ ಉಳಿಯಲಿಲ್ಲ, ಸಾಲದವರ ಮನೆ ಸೇರಿತು. ಅಪ್ಪನಿಗೆ ಬೇಸರವಿಲ್ಲ. “ಕಡಗ ಹೋದ್ರ ಹೋಗ್ಲಿ, ಊರ ಮಂದಿ ನೋಡ್ಯಾದ” ಎಂದ.

ಕ್ರಿಕೆಟ್ಟಿನಲ್ಲಿ ಹೀಗೆ ಹೊರಟ ಹುಡುಗನೆಂದರೆ ಯಶಸ್ವಿ ಜೈಸ್ವಾಲ್. ಉತ್ತರ ಪ್ರದೇಶದ ಭದೋಹಿಯಿಂದ ಮುಂಬೈಗೆ ಬಂದು, ಆಜಾದ್ ಮೈದಾನದ ಡೇರೆಯಲ್ಲಿ ಮಲಗಿ ಬೆಳೆದವರು. ಹೈದರಾಬಾದಿನ ಮೊಹಮ್ಮದ್ ಸಿರಾಜ್ ಅವರದು ಇನ್ನೊಂದು ಬಗೆ. ಅಪ್ಪ ಮೊಹಮ್ಮದ್ ಗೌಸ್ ಆಟೋ ಓಡಿಸಿ ಮಗನನ್ನು ಆಡಲು ಬಿಟ್ಟವರು. 2020ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ಮಗ ಆಸ್ಟ್ರೇಲಿಯಾದಲ್ಲಿದ್ದ. ಮಣ್ಣಿಗೆ ಬರಲಿಲ್ಲ, ಅಲ್ಲೇ ಉಳಿದು ಡಿಸೆಂಬರ್‌ನಲ್ಲಿ ಮೊದಲ ಟೆಸ್ಟ್ ಆಡಿದ. ಸ್ಪೇನ್ ಫುಟ್ಬಾಲ್ ತಂಡದ ಲಮೀನ್ ಯಮಾಲ್ ಗೋಲು ಹೊಡೆದಾಗ ಬೆರಳಿನಲ್ಲಿ 304 ಎಂದು ತೋರಿಸುತ್ತಾನೆ. ಮೊರಾಕ್ಕೊದಿಂದ ಬಂದ ಅಪ್ಪನ ಮಗ ಅವನು. 304 ಎಂಬುದು ಅವನು ಬೆಳೆದ ವಲಸಿಗರ ಓಣಿಯ ಪಿನ್ ಕೋಡಿನ ಕೊನೆಯ ಮೂರು ಅಂಕಿ. ಇದನ್ನು ಕೇಳಿ ನಮ್ಮ ಹುಡುಗರು ಖುಷಿಪಟ್ಟರು. ಆಳಂದದ್ದು 585302, ಅಂದರೆ 302. ಈಗ ಎದುರಾಳಿಯನ್ನು ಮುಟ್ಟಿ ಔಟ್ ಮಾಡಿದವರೆಲ್ಲ ಮೂರು, ಸೊನ್ನೆ, ಎರಡು ಎಂದು ಬೆರಳು ಮಾಡುತ್ತಾರೆ.

ಯಮಾಲ್‌ಗೆ ಆ ಅಂಕಿ ಸಿಕ್ಕಿದ್ದು ಅವನ ಮನೆಯವರು ಒಂದು ಓಣಿಯಲ್ಲಿ ನೆಲೆ ನಿಂತದ್ದರಿಂದ. ನನ್ನ ಹುಡುಗರಿಗೆ ಆರು ತಿಂಗಳು ಒಂದು ಪಿನ್ ಕೋಡು, ಆರು ತಿಂಗಳು ಯಾವುದೂ ಇಲ್ಲ. ಇದಕ್ಕೆ ಪರಿಹಾರ ಕಾಣದ್ದೇನಲ್ಲ. ಗುಳೆ ಹೋಗುವವರ ಮಕ್ಕಳಿಗಾಗಿ ಋತುಮಾನ ವಸತಿ ಶಾಲೆಗಳೆಂಬ ಯೋಜನೆಯಿದೆ: ಅಪ್ಪ-ಅವ್ವ ದುಡಿಯಲು ಹೋದ ತಿಂಗಳುಗಳಲ್ಲಿ ಮಗು ತನ್ನ ಊರಿನ ಶಾಲೆಯಲ್ಲೇ ಉಳಿಯಲು ಊಟ, ಹಾಸಿಗೆ, ನೋಡಿಕೊಳ್ಳುವವರು. ಇಂಥ ಏರ್ಪಾಡು ನಡೆದ ವರ್ಷ ನನ್ನ ತಂಡದಲ್ಲಿ ಜನವರಿಯಲ್ಲೂ ಒಂಬತ್ತು ಹುಡುಗರಿದ್ದರು. ಆದರೆ ಆ ವಸತಿ ಶಾಲೆ ದೀಪಾವಳಿಗೆ ಮೊದಲೇ ಬಾಗಿಲು ತೆರೆಯಬೇಕು. ಡಿಸೆಂಬರ್‌ನಲ್ಲಿ ತೆರೆದರೆ ಹುಡುಗ ಆಗಲೇ ಕಬ್ಬಿನ ಗದ್ದೆಯಲ್ಲಿರುತ್ತಾನೆ. ಜಿಲ್ಲೆ, ವಿಭಾಗದ ಆಟಗಳು ದಸರೆಯ ಒಳಗೇ ಮುಗಿಯುವಂತೆ ಮಾಡಿದರೆ ಇನ್ನೂ ಒಳ್ಳೆಯದು.

ಪೇಟೆಯಿಂದ ಕೆಲವರು ಬಂದು, “ಮಾಸ್ತರೇ, ಹುಡುಗರಿಗೆ ಬೂಟು ಕೊಡಿಸುತ್ತೇವೆ” ಎನ್ನುತ್ತಾರೆ. ಬೂಟು ಬೇಡವೆನ್ನಲಾರೆ. ಆದರೆ ಬೂಟು ಕೊಟ್ಟ ಹುಡುಗ ನವೆಂಬರ್‌ನಲ್ಲಿ ಅದನ್ನೇ ಹಾಕಿಕೊಂಡು ಮುಕಾದಮನ ಟೆಂಪೋ ಹತ್ತುತ್ತಾನೆ. ಕಬ್ಬಿನ ಕೂಳೆ ಚುಚ್ಚದಂತೆ ಕಾಲಿಗೆ ಅದು ಒಳ್ಳೆಯದೇ. ಆಡಿಸಬೇಕೆಂದಿದ್ದರೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹದಿನೈದು ಹುಡುಗರ ಎರಡು ಹೊತ್ತಿನ ರೊಟ್ಟಿಗೆ, ಅಡುಗೆಯ ಅವ್ವನ ಪಗಾರಕ್ಕೆ ವ್ಯವಸ್ಥೆ ಮಾಡಿ. ಬೂಟಿನ ಮಾತು ಆಮೇಲೆ ಆಡೋಣ.