ಸ್ವಯಂಸೇವಕ ತಂಡಕ್ಕೊಂದು ಜಾಲತಾಣ: ಹೊಸಬರು ಎಲ್ಲಿಂದ ಆರಂಭಿಸಬೇಕು?



ಕೆಚ್ಚಲು ಬಾವು, ಬಂಜೆತನ, ಖನಿಜ ಮಿಶ್ರಣಗಳ ಬಗ್ಗೆ ಬರೆಯುತ್ತಿದ್ದ ನಾನು ಈ ಸಲ ಜಾಲತಾಣದ, ಅಂದರೆ ವೆಬ್‌ಸೈಟಿನ, ವಿಷಯ ಎತ್ತಿಕೊಂಡಿರುವುದಕ್ಕೆ ಕಾರಣವಿದೆ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ನಮ್ಮ ಭಾಗದ ಒಂದು ಹಳ್ಳಿಯ ಯುವಕ ಯುವತಿಯರು ತಾವಾಗಿಯೇ ಮುಂದೆ ಬಂದು ಲಸಿಕೆ ಹಾಕುವವರೊಡನೆ ಮನೆಮನೆ ತಿರುಗಿದರು. ರಾಸು ಹಿಡಿದರು, ಐಸ್ ಪೆಟ್ಟಿಗೆ ಹೊತ್ತರು. ಆ ತಂಡ ಇಂದಿಗೂ ಉಳಿದಿದೆ. ಅವರಲ್ಲೊಬ್ಬ ಹುಡುಗ ತಂಡಕ್ಕೆಂದು ಚೆಂದದ ಜಾಲತಾಣ ಮಾಡಿದ. ಆಮೇಲೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ಪಾಸ್‌ವರ್ಡ್ ಕೂಡ ಅವನ ಜೊತೆಯಲ್ಲೇ ಹೋಯಿತು.

ಪುಟದಲ್ಲಿ "ಇದೇ ತಿಂಗಳು 14ರಂದು ಕಾಲುಬಾಯಿ ಜ್ವರದ ಲಸಿಕೆ" ಎಂಬ ಹಳೆಯ ಸಾಲು ಹಾಗೆಯೇ ನಿಂತಿತು. ಯಾವ ತಿಂಗಳು, ಯಾವ ವರ್ಷ ಎಂದು ಬರೆದಿರಲಿಲ್ಲ. ಮುಂದಿನ ಸುತ್ತಿನ ವೇಳೆಗೆ ಅದನ್ನು ಓದಿದ ಸದಸ್ಯೆಯೊಬ್ಬರು, 14ಕ್ಕೆ ಇನ್ನೂ ದಿನವಿದೆಯೆಂದು ರಾಸುಗಳನ್ನು ತೋಟದ ಕೊಟ್ಟಿಗೆಯಲ್ಲಿ ಬಿಟ್ಟು ತವರಿಗೆ ಹೋದರು. ಲಸಿಕೆಯವರು 9ಕ್ಕೇ ಬಂದು ಹೋದರು. ಐದು ತಿಂಗಳ ಕರು ಆ ಸುತ್ತಿನಿಂದ ತಪ್ಪಿಹೋಯಿತು. ನಾಲ್ಕು ತಿಂಗಳು ತುಂಬಿದ ಕರುವಿಗೆ ಮೊದಲ ಲಸಿಕೆ, ಒಂದು ತಿಂಗಳ ನಂತರ ಬೂಸ್ಟರ್, ಆಮೇಲೆ ಆರು ತಿಂಗಳಿಗೊಮ್ಮೆ ಹಾಕಿಸಬೇಕು. ತಪ್ಪಿದರೆ ಏನಾಗುತ್ತದೆಂಬುದನ್ನು ಆ ರೋಗ ಕಂಡ ಮನೆಗಳಿಗೆ ನಾನು ಹೇಳಬೇಕಿಲ್ಲ.

"ಸಾರ್, ಹೊಸದಾಗಿ ನಾವೇ ಮಾಡ್ತೀವಿ, ಏನೇನು ಹಾಕಬೇಕು ಹೇಳಿ" ಎಂದು ತಂಡದವರು ಬಂದರು. ಏನು ಹಾಕಬೇಕೆಂದು ನಾನು ಹೇಳಿದೆ; ಹೇಗೆ ಮಾಡಬೇಕೆಂಬುದನ್ನು ಅವರ ಜೊತೆ ಕುಳಿತು ನಾನೂ ಕಲಿತೆ.

ಜಾಲತಾಣವೆಂದರೆ ಡೇರಿಯ ಸೂಚನಾ ಫಲಕವಿದ್ದಂತೆ. ವ್ಯತ್ಯಾಸವೆಂದರೆ ಅದನ್ನು ಎಲ್ಲಿಂದಲಾದರೂ ಓದಬಹುದು. ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬುವರು 1989ರಲ್ಲಿ ಈ ವ್ಯವಸ್ಥೆಯನ್ನು ಸೂಚಿಸಿದರು. 1993ರಲ್ಲಿ ಆ ಸಂಸ್ಥೆ ಇದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಲು ಬಿಟ್ಟುಕೊಟ್ಟಿತು. ಹೀಗಾಗಿ ಪುಟ ಬರೆಯಲು ಯಾರ ಅನುಮತಿಯೂ ಬೇಡ.

ಇದರಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಪುಟ. ಅದು ಎಚ್‌ಟಿಎಂಎಲ್ ಎಂಬ ಗುರುತುಗಳನ್ನು ಸೇರಿಸಿದ ಸಾದಾ ಬರಹದ ಕಡತ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಚಿತ್ರ ಎಂದು ಆ ಗುರುತುಗಳು ಹೇಳುತ್ತವೆ. ಎರಡನೆಯದು ಆ ಕಡತವನ್ನಿಡುವ, ಹಗಲೂ ರಾತ್ರಿ ಚಾಲೂ ಇರುವ ಕಂಪ್ಯೂಟರಿನಲ್ಲಿ ಜಾಗ. ಮೂರನೆಯದು ವಿಳಾಸ, ಅಂದರೆ ಡೊಮೈನ್ ಹೆಸರು. ಗುರುತುಗಳನ್ನು ಕಲಿಯುವ ತಾಳ್ಮೆಯಿಲ್ಲದವರಿಗೆ ಗೂಗಲ್ ಸೈಟ್ಸ್‌ನಂಥ ಉಚಿತ ಸೌಲಭ್ಯವಿದೆ. ಅಲ್ಲಿ ಅರ್ಜಿ ತುಂಬಿದಷ್ಟೇ ಸುಲಭವಾಗಿ ಪುಟ ಸಿದ್ಧವಾಗುತ್ತದೆ, ಜಾಗವೂ ವಿಳಾಸವೂ ಅವರದೇ. ಮೊದಲ ವರ್ಷ ಇಷ್ಟೇ ಸಾಕೆಂಬುದು ನನ್ನ ಅಭಿಪ್ರಾಯ. ಸ್ವಂತ ಹೆಸರು ಬೇಕಾದರೆ ನಿಗದಿತ ಅವಧಿಗೊಮ್ಮೆ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಹಣ ಕಟ್ಟಿ ನವೀಕರಿಸಬೇಕು. ಮರೆತರೆ ಹೆಸರು ಕೈತಪ್ಪುತ್ತದೆ, ಬೇರೆ ಯಾರಾದರೂ ಅದನ್ನು ಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯ ವಿಷಯ ಬೀಗದ ಕೈ. ಖಾತೆಯನ್ನು ಹುಷಾರಾದ ಹುಡುಗನೊಬ್ಬನ ಸ್ವಂತ ಇ-ಮೇಲ್‌ನಲ್ಲಿ ತೆರೆಯಬೇಡಿ. ತಂಡದ ಹೆಸರಿನಲ್ಲೇ ಒಂದು ಇ-ಮೇಲ್ ಮಾಡಿಸಿ. ಓಟಿಪಿ ಬರುವ ಮೊಬೈಲ್ ಊರಲ್ಲೇ ಇರುವವರದಾಗಿರಲಿ. ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ. ಬರೆದ ಚೀಟಿ ಲಕೋಟೆಯಲ್ಲಿ ಅಂಟಿಸಿ ಬೀರುವಿನಲ್ಲಿರಲಿ. ಪುಟದ ಒಂದು ನಕಲು ಪೆನ್‌ಡ್ರೈವ್‌ನಲ್ಲೂ ಇರಲಿ. ಬೆಂಗಳೂರಿಗೆ ಹೋದ ಹುಡುಗನನ್ನು ನಾನು ದೂರುವುದಿಲ್ಲ. ಕೊಟ್ಟು ಹೋಗು ಎಂದು ಕೇಳಲು ಯಾರಿಗೂ ತೋಚಲಿಲ್ಲ, ನನಗೂ ಸಹ.

ಇನ್ನು ಕನ್ನಡದ ತೊಡಕು. ಡೇರಿಯ ಕಂಪ್ಯೂಟರಿನಲ್ಲಿ ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದನ್ನು ಹಾಗೇ ಪುಟಕ್ಕೆ ಹಾಕಿದರೆ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಆ ಶೈಲಿಗಳು ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ರೂಪ ಹೊದಿಸಿದಂಥವು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅದರದೇ ಸಂಕೇತಗಳಿವೆ. ಅದರಲ್ಲಿ ಬರೆದದ್ದು ಇಂದಿನ ಎಲ್ಲ ಮೊಬೈಲಿನಲ್ಲೂ ಸರಿಯಾಗಿ ಮೂಡುತ್ತದೆ, ಹುಡುಕಿದರೂ ಸಿಗುತ್ತದೆ. ಹಳೆಯ ಬರಹವನ್ನು ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಮೊಬೈಲಿನಲ್ಲೇ ಕನ್ನಡ ಬರೆಯುವವರಿಗೆ ಈ ಚಿಂತೆಯಿಲ್ಲ.

ಫೋಟೋ ಹಾಕುವ ಆಸೆ ಎಲ್ಲರಿಗೂ ಇರುತ್ತದೆ, ಅದರಲ್ಲೂ ಹಾರ ಹಾಕಿಸಿಕೊಂಡ ಫೋಟೋ. ಮೊಬೈಲಿನ ಒಂದು ಫೋಟೋ 4 ಎಂಬಿ ಇದ್ದರೆ ಹತ್ತಕ್ಕೆ 40 ಎಂಬಿ ಆಯಿತು. ಸಿಗ್ನಲ್ ಕಡಿಮೆಯಿರುವ ಊರಲ್ಲಿ ಪುಟ ತೆರೆಯುವಷ್ಟರಲ್ಲಿ ಹಾಲು ಕರೆದು ಮುಗಿದಿರುತ್ತದೆ. ಅವನ್ನೇ 200 ಕೆಬಿಗೆ ಕುಗ್ಗಿಸಿದರೆ ಎಲ್ಲ ಸೇರಿ 2 ಎಂಬಿ. ಬರಹವಂತೂ ಬಹಳ ಹಗುರ. ಯೂನಿಕೋಡ್ ಪುಟಗಳಲ್ಲಿ ಕನ್ನಡದ ಒಂದು ಸಂಕೇತಕ್ಕೆ ಸಾಮಾನ್ಯವಾಗಿ 3 ಬೈಟ್ ಮಾತ್ರ ಬೇಕು. ಆದ್ದರಿಂದ ದಿನಾಂಕ, ದೂರವಾಣಿ ಸಂಖ್ಯೆಗಳನ್ನು ಪೋಸ್ಟರಿನ ಚಿತ್ರವಾಗಿ ಹಾಕದೆ ಅಕ್ಷರದಲ್ಲೇ ಹಾಕತಕ್ಕದ್ದು.

ಕೆಲವನ್ನು ಹಾಕಲೇಬಾರದು. ಸದಸ್ಯರ ಆಧಾರ್, ಬ್ಯಾಂಕ್ ಖಾತೆ, ಒಪ್ಪಿಗೆಯಿಲ್ಲದೆ ಯಾರದೇ ಮೊಬೈಲ್ ಸಂಖ್ಯೆ ಬೇಡ. ಔಷಧಿಯ ಪ್ರಮಾಣವನ್ನಂತೂ ಖಂಡಿತ ಬರೆಯಬೇಡಿ. ಕೆಚ್ಚಲು ಬಾವಿಗೆ ಇಷ್ಟು ಎಂಎಲ್ ಇಂಜೆಕ್ಷನ್ ಎಂದು ಬರೆದರೆ ಯಾರೋ ಕೊಟ್ಟೇ ಬಿಡುತ್ತಾರೆ, ಆ ಹಾಲು ಕ್ಯಾನಿಗೂ ಬರುತ್ತದೆ. ಅದರ ಬದಲು ಪಶುವೈದ್ಯರನ್ನು ಕರೆಸಿ ಎಂದು ಬರೆದು, ಸಂಚಾರಿ ಪಶು ಚಿಕಿತ್ಸಾ ವಾಹನದ 1962 ಸಂಖ್ಯೆ ಕೊಡಿ.

ಆ ಹಳ್ಳಿಯ ಹೊಸ ತಾಣ ಈಗ ಒಂದೇ ಪುಟದ್ದು. ತಂಡದ ಪರಿಚಯ ನಾಲ್ಕು ಸಾಲು, ಲಸಿಕೆಯ ದಿನ, ಸಂಪರ್ಕಕ್ಕೆ ಇಬ್ಬರ ಹೆಸರು. ಪ್ರತಿ ಸೂಚನೆಯಲ್ಲೂ ದಿನ, ತಿಂಗಳು, ವರ್ಷ ಮೂರೂ ಇರುತ್ತವೆ; ಮೇಲ್ತುದಿಯಲ್ಲಿ "ಕೊನೆಯದಾಗಿ ತಿದ್ದಿದ್ದು" ಎಂಬ ಸಾಲು. ಭಾನುವಾರ ಬೆಳಗಿನ ಹಾಲು ಹಾಕಿದ ಮೇಲೆ ಇಬ್ಬರು ಹುಡುಗಿಯರು ಡೇರಿ ಜಗಲಿಯಲ್ಲಿ ಕುಳಿತು, ಮುಗಿದ ಸೂಚನೆ ಅಳಿಸಿ ಹೊಸದನ್ನು ಸೇರಿಸುತ್ತಾರೆ. ದಿನಾಂಕವನ್ನು ಕಾರ್ಯದರ್ಶಿಯವರಲ್ಲಿ ಕೇಳಿ ಖಚಿತಪಡಿಸಿಕೊಂಡ ಮೇಲಷ್ಟೇ ಪ್ರಕಟಿಸುವುದು. ಬಳಿಕ ಅದನ್ನೇ ಒಂದು ಹಾಳೆಯಲ್ಲಿ ಬರೆದು, ಹಾಲು ಪರೀಕ್ಷೆ ಮಾಡುವ ಮೇಜಿನ ಹಿಂದಿನ ಗೋಡೆಗೆ ಅಂಟಿಸುತ್ತಾರೆ. ಮೊಬೈಲ್ ಇಲ್ಲದವರು ಅಲ್ಲಿ ಓದಿಕೊಳ್ಳುತ್ತಾರೆ.